ಗೋಣಿ ಮರದ ಲೆಕ್ಕ ತಪ್ಪುವುದು ಎಲ್ಲಿ?

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯನ್ನು ಅಗಲ ಮಾಡಲು 40 ಮರ ಕಡಿದರು. ಊರಿನಲ್ಲಿ ಪ್ರತಿಭಟನೆ ನಡೆಯಿತು, ಪತ್ರಿಕೆಗಳಲ್ಲಿ ವಾರಗಟ್ಟಲೆ ಸುದ್ದಿಯಾಯಿತು. ಈಗ ಆ ಘಟನೆ ನೆನೆದರೆ ಜನರ ಬಾಯಿಗೆ ಮೊದಲು ಬರುವುದು ಆ ನಲವತ್ತು ಎಂಬ ಅಂಕಿ. ಮರದ ಜಗಳಗಳೆಲ್ಲ ಹೀಗೆಯೇ ಅಂಕಿಯಲ್ಲಿ ಶುರುವಾಗಿ ಅಂಕಿಯಲ್ಲೇ ಮುಗಿಯುತ್ತವೆ: ಇಷ್ಟು ಕಡಿದರು, ಅದರ ಹತ್ತರಷ್ಟು ನೆಡುತ್ತೇವೆ ಎಂದರು, ಇಷ್ಟನ್ನು ಕಿತ್ತು ಬೇರೆಡೆ ನೆಟ್ಟರು. ಹೊಂಗೆಗೋ ಬೇವಿಗೋ ಈ ತಲೆಲೆಕ್ಕ ಹೇಗೋ ಒಂದು ಮಟ್ಟಿಗೆ ನಡೆದೀತು. ಆಲ, ಅರಳಿ, ಬಸರಿ, ಗೋಣಿಯಂಥ ಮರಗಳಿಗೆ ಅದು ಬುಡದಿಂದಲೇ ತಪ್ಪು. ಅದರಲ್ಲೂ ಗೋಣಿಯ ವಿಷಯದಲ್ಲಿ ಈ ತಪ್ಪು ಎದ್ದು ಕಾಣುತ್ತದೆ.

ಗೋಣಿಗೆ ನಮ್ಮ ಊರಿನ ಹೆಸರೇ ಇದೆ. ಇಂದಿನ ಸಸ್ಯಶಾಸ್ತ್ರ ಅದನ್ನು ಫೈಕಸ್ ಡ್ರುಪೇಸಿಯಾ ಎನ್ನುತ್ತದೆ. ನಮ್ಮ ಕಡೆ ಬೆಳೆಯುವ, ಎಳೆ ಎಲೆಗೆ ಕಂದು ತುಪ್ಪಳವಿರುವ ಬಗೆಯನ್ನು ಹಳೆಯ ಪುಸ್ತಕಗಳು ಫೈಕಸ್ ಮೈಸೂರೆನ್ಸಿಸ್ ಎಂದು ಕರೆದವು. ಇಂಗ್ಲಿಷಿನಲ್ಲಿ ಈಗಲೂ ಅದು ಮೈಸೂರ್ ಫಿಗ್. ಹೆಸರು ಇಷ್ಟು ಹತ್ತಿರದ್ದಾದರೂ ಮೈಸೂರಿನವರಲ್ಲೇ ಹಲವರು ಗೋಣಿಯನ್ನು ನೋಡಿ ‘ದೊಡ್ಡ ಎಲೆಯ ಆಲ’ ಎಂದುಕೊಂಡು ಮುಂದೆ ಹೋಗುತ್ತಾರೆ.

ಗುರುತು ಹಿಡಿಯುವುದು ಕಷ್ಟವಿಲ್ಲ. ಆಲದ ಎಲೆ ಅಂಡಾಕಾರ, ಗಟ್ಟಿ, ಮೇಲ್ಭಾಗ ನುಣುಪು. ಗೋಣಿಯ ಎಲೆ ಅದಕ್ಕಿಂತ ಉದ್ದ, ಬಲಿತರೆ ಒಂದು ಗೇಣನ್ನೂ ಮುಟ್ಟುತ್ತದೆ. ಚಿಗುರನ್ನು ಬೆರಳಲ್ಲಿ ತಿಕ್ಕಿದರೆ ಕಂದು ಬಣ್ಣದ ತುಪ್ಪಳ ಅಂಟುತ್ತದೆ. ಆಲದ ಹಣ್ಣು ಗುಂಡಗೆ, ಕೆಂಪಗೆ ಇರುತ್ತದೆ. ಗೋಣಿಯದು ಸ್ವಲ್ಪ ಉದ್ದುದ್ದ, ಸುಮಾರು 2 ಸೆಂಟಿಮೀಟರ್, ಹಣ್ಣಾದಾಗ ಕಿತ್ತಳೆಗೆಂಪು. ತೊಟ್ಟಿಲ್ಲದೆ ಜೋಡಿ ಜೋಡಿಯಾಗಿ ಕೊಂಬೆಗೇ ಅಂಟಿಕೊಂಡಿರುತ್ತದೆ. ಬಿಳಲು ಆಲದಷ್ಟು ಇಳಿಯುವುದಿಲ್ಲ. ಬಲಿತ ಗೋಣಿಯಲ್ಲಿ ಕಾಂಡವೇ ಹಲವು ಬೇರುಗಳನ್ನು ಹೆಣೆದ ಹಾಗೆ ಏಣೇಣಾಗಿ ಕಾಣುತ್ತದೆ. ಆ ಏಣುಗಳ ಹಿಂದೆ ಅದು ಬೆಳೆದ ಬಗೆಯೇ ಇದೆ.

ಆಲ, ಗೋಣಿ, ಬಸರಿ, ಅರಳಿ ಇವೆಲ್ಲ ಕತ್ತು ಹಿಸುಕುವ ಮರಗಳ ಬಳಗ. ಕುಟ್ರು ಹಕ್ಕಿಯೋ ಗೊರವಂಕವೋ ಬಾವಲಿಯೋ ಹಣ್ಣು ತಿಂದು ಇನ್ನೊಂದು ಮರದ ಕವಲಿನಲ್ಲಿ ಹಿಕ್ಕೆ ಹಾಕುತ್ತದೆ. ಈಚಲು, ತಾಳೆಯಂಥ ಮರದಲ್ಲಿ ಎಲೆತೊಟ್ಟಿನ ಬುಡದಲ್ಲಿ ಕಸ, ಮಣ್ಣು, ತೇವ ನಿಲ್ಲುವುದರಿಂದ ಅಲ್ಲಿ ಬೀಜ ಸುಲಭವಾಗಿ ಮೊಳೆಯುತ್ತದೆ. ಮೊದಲ ಕೆಲವು ವರ್ಷ ಗಿಡ ನೆಲ ಮುಟ್ಟದೆ ಮೇಲೆಯೇ ಬದುಕುತ್ತದೆ. ಆಮೇಲೆ ದಾರದಂಥ ಬೇರುಗಳನ್ನು ಕೆಳಕ್ಕೆ ಬಿಡುತ್ತದೆ. ಬೇರು ನೆಲಕ್ಕೆ ತಾಗಿದ ಮೇಲೆ ಬೆಳವಣಿಗೆಯ ಗತಿಯೇ ಬದಲಾಗುತ್ತದೆ. ಬೇರು ದಪ್ಪವಾಗಿ, ಎರಡು ಬೇರು ಎದುರಾದಲ್ಲಿ ಒಂದಾಗಿ ಬೆಸೆದು, ಆಶ್ರಯ ಕೊಟ್ಟ ಮರದ ಸುತ್ತ ಜಾಲರಿ ಹೆಣೆಯುತ್ತದೆ. ಒಳಗಿನ ಮರಕ್ಕೆ ದಪ್ಪವಾಗಲು ಜಾಗವಿಲ್ಲ, ಮೇಲೆ ಬಿಸಿಲಿಲ್ಲ, ಕೆಳಗೆ ನೀರಿಗೆ ಪೈಪೋಟಿ. ಹಲವು ದಶಕಗಳಲ್ಲಿ ಅದು ಸತ್ತು ಪುಡಿಯಾಗುತ್ತದೆ. ಹೊರಗಿನ ಜಾಲರಿ ಮುಚ್ಚಿಕೊಂಡು ಹೊಸ ಮರದ ಕಾಂಡವೇ ಆಗುತ್ತದೆ. ಆದ್ದರಿಂದ ಇಂಥ ಮರದ ಸುತ್ತಳತೆ ಹಿಡಿದು ವಯಸ್ಸು ಹೇಳುವವರ ಮಾತನ್ನು ಅಷ್ಟಾಗಿ ನಂಬಬೇಡಿ: ಅಳೆಯುತ್ತಿರುವುದು ಒಂದು ಕಾಂಡವನ್ನಲ್ಲ, ಬೆಸೆದ ಬೇರುಗಳ ಕಟ್ಟನ್ನು.

ಇಂಥ ಮರಕ್ಕೆ ಹುಟ್ಟಲು ಇನ್ನೊಂದು ಮರ ಬೇಕು, ಇಲ್ಲವೇ ಬಿರುಕು ಬಿಟ್ಟ ಗೋಡೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು, ಭತ್ತ ಬದುವಿನ ಅಂಚಿಗೂ ಬಂದಿವೆ. ಬದುವಿನ ಈಚಲು ಹೋಗಿದೆ. ಉಳಿದಿರುವ ತೆಂಗಿನ ಕಾಂಡ ನುಣ್ಣಗಿರುತ್ತದೆ, ಅಲ್ಲಿ ಬೀಜ ನಿಲ್ಲುವುದು ಅಪರೂಪ. ಕಾಯಿ ಕೀಳಲು ಹತ್ತಿದವರು ಸುಳಿಯ ಬಳಿ ಮೊಳಕೆ ಕಂಡರೆ ಕಿತ್ತೆಸೆಯುತ್ತಾರೆ, ಅದು ಸರಿಯೂ ಹೌದು. ಹೀಗಾಗಿ ಹೊಲದಲ್ಲಿ ತಾನಾಗಿ ಹುಟ್ಟಿದ ಎಳೆಯ ಗೋಣಿ ಕಣ್ಣಿಗೆ ಬೀಳುವುದು ಕಡಿಮೆ. ನಂಜನಗೂಡು, ತಿ.ನರಸೀಪುರ, ಹುಣಸೂರು, ಹೆಗ್ಗಡದೇವನಕೋಟೆ ಕಡೆಗೆ ಹೋಗುವ ಹಳೆಯ ರಸ್ತೆಗಳ ಬದಿಯಲ್ಲಿ ಹಿಂದಿನವರು ನೆಟ್ಟ ಸಾಲುಮರಗಳೇ ಈ ಬಳಗದ ದೊಡ್ಡ ಆಸ್ತಿ. ಆಸ್ತಿ ಕರಗುತ್ತಿರುವುದೂ ಅಲ್ಲೇ. ಬೆಂಗಳೂರು–ಮೈಸೂರು ರಸ್ತೆಯನ್ನೇ ನೋಡಿ. ಒಮ್ಮೆ ನಾಲ್ಕು ಪಥವಾಯಿತು, ಆಮೇಲೆ ಸರ್ವೀಸ್ ರಸ್ತೆಯೂ ಸೇರಿ ಹತ್ತು ಪಥವಾಗಿ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟನೆಯೂ ಆಯಿತು. ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗೆ ನೆರಳಿನಲ್ಲಿ ಬಸ್ಸು ಹೋಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗೋಣಿ ಭೂಮಿಯಿಂದಲೇ ಅಳಿದುಹೋಗುವ ಜಾತಿಯಲ್ಲ. ಶ್ರೀಲಂಕಾ, ಭಾರತದಿಂದ ಹಿಡಿದು ಉತ್ತರ ಆಸ್ಟ್ರೇಲಿಯಾದವರೆಗೆ ಅದರ ಹರವಿದೆ, ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ಅಪಾಯದ ಸಾಲಿನಲ್ಲಿ ಅದರ ಹೆಸರಿಲ್ಲ. ಪರಿಸರದ ಭಾಷಣಗಳಲ್ಲಿ ಕೈತಪ್ಪಿ ‘ಅಳಿವಿನಂಚಿನ ಮರ’ ಎನ್ನುವುದುಂಟು. ಎದುರು ಪಕ್ಷದ ಎಂಜಿನಿಯರು ಪಟ್ಟಿ ತೆರೆದು ತೋರಿಸಿದರೆ ಅಲ್ಲಿಗೆ ವಾದ ಬಿದ್ದುಹೋಗುತ್ತದೆ. ಅಪಾಯ ಇರುವುದು ಈ ಸೀಮೆಯ ಹಳೆಯ ಮರಗಳ ಗುಂಪಿಗೆ. ಗುಂಪು ಏಕೆ ಮುಖ್ಯ ಎಂಬುದಕ್ಕೆ ಒಂದು ಹಣ್ಣನ್ನು ಕೊಯ್ದು ನೋಡಬೇಕು.

ಹಣ್ಣಿನ ಒಳಗೆ

ಇನ್ನೂ ಹಸಿರಾಗಿರುವ, ಆದರೆ ಒತ್ತಿದರೆ ತುಸು ಮೆತ್ತಗಾಗುತ್ತಿರುವ ಗೋಣಿ ಕಾಯಿಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಬಿಳಿ ಹಾಲು ಒಸರುತ್ತದೆ, ಒರೆಸಿ. ಗೋಡೆಗೆ ಒಳಗಿನಿಂದ ಅಂಟಿಕೊಂಡ ನೂರಾರು ಸಣ್ಣ ಕಾಳುಗಳು ಕಾಣುತ್ತವೆ. ಅವು ಹೂವುಗಳು. ‘ಅತ್ತಿ ಹೂವು ಕಂಡ ಹಾಗೆ’ ಎಂದು ಅಪರೂಪಕ್ಕೆ ಹೇಳುವ ಮಾತಿನ ಗುಟ್ಟು ಇಷ್ಟೇ: ಈ ಬಳಗದ ಹೂವೆಲ್ಲ ಕಾಯಿಯ ಒಳಗಡೆ. ಕೊಂಬೆಗೆ ಅಂಟಿದ ಕಡೆಯ ಎದುರು ತುದಿಯಲ್ಲಿ ಹೊರೆಹೊರೆಯಾಗಿ ಮುಚ್ಚಿದ ಸಣ್ಣ ಬಾಯಿ ಇದೆ. ಭೂತಗನ್ನಡಿ ಹಿಡಿದರೆ ಕೆಲವು ಕಾಳುಗಳ ಒಳಗೆ ಒಂದೆರಡು ಮಿಲಿಮೀಟರಿನ ಕಪ್ಪು ಕಣಜ ಮಡಚಿಕೊಂಡಿರುವುದು ಕಂಡೀತು.

ಗೋಣಿಯ ಪರಾಗ ಹೊರುವ ಕಣಜದ ಹೆಸರು ಯುಪ್ರಿಸ್ಟಿನಾ ಬೆಲ್ಗಾಮೆನ್ಸಿಸ್. ಮೈಸೂರಿನ ಹೆಸರಿನ ಮರಕ್ಕೆ ಬೆಳಗಾವಿಯ ಹೆಸರಿನ ಹುಳ. ಆಲಕ್ಕೆ ಯುಪ್ರಿಸ್ಟಿನಾ ಮೇಸೋನಿ, ಅರಳಿಗೆ ಪ್ಲಾಟಿಸ್ಕಾಪಾ ಕ್ವಾಡ್ರಾಟಿಸೆಪ್ಸ್. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಎಳೆ ಕಾಯಿ ಬಿಡುವ ವಾಸನೆ ಹಿಡಿದು ಹೆಣ್ಣು ಕಣಜ ಬರುತ್ತದೆ, ಆ ಸಣ್ಣ ಬಾಯಿಯಲ್ಲಿ ನುಸುಳುವಾಗ ರೆಕ್ಕೆ ಮುರಿದು ಉದುರುತ್ತದೆ, ಮೀಸೆಯ ತುದಿಯೂ ಹೋಗುತ್ತದೆ. ಅದು ಮತ್ತೆ ಹೊರಗೆ ಬರುವ ಮಾತಿಲ್ಲ. ಎದೆಯ ಬಳಿಯ ಜೇಬಿನಂಥ ಕುಳಿಗಳಲ್ಲಿ ತಂದ ಪರಾಗವನ್ನು ಹೂವುಗಳಿಗೆ ಬಳಿದು, ಕೆಲವು ಹೂವಿನಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವಿನಲ್ಲಿ ಮರಿ ಬೆಳೆಯುತ್ತದೆ, ಉಳಿದವು ಬೀಜವಾಗುತ್ತವೆ. ವಾರಗಳ ನಂತರ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಿದ್ದು, ಹೆಣ್ಣುಗಳು ಕಾಳಿನೊಳಗಿರುವಾಗಲೇ ಕೂಡಿ, ಕಾಯಿಯ ಗೋಡೆಗೆ ಸುರಂಗ ಕೊರೆದು ಸಾಯುತ್ತವೆ. ಹೆಣ್ಣುಗಳು ಆಗ ತಾನೆ ಅರಳಿದ ಗಂಡು ಹೂವಿನ ಪರಾಗ ತುಂಬಿಕೊಂಡು ಆ ಸುರಂಗದಲ್ಲಿ ಹೊರಟುಬಿಡುತ್ತವೆ. ಆಮೇಲೆ ಕಾಯಿ ಬಣ್ಣ ತಿರುಗಿ ಹಕ್ಕಿಯ ಹಣ್ಣಾಗುತ್ತದೆ.

ಹೊರಟ ಹೆಣ್ಣಿಗೆ ಇರುವ ಆಯಸ್ಸು ಒಂದೆರಡು ದಿನ. ತಿನ್ನುವ ಗೊಡವೆ ಇಲ್ಲ. ಅಷ್ಟರೊಳಗೆ ಎಳೆ ಕಾಯಿ ಇರುವ ಇನ್ನೊಂದು ಗೋಣಿ ಸಿಗಬೇಕು. ತಾಯಿಮರ ಆಗುವುದಿಲ್ಲ, ಏಕೆಂದರೆ ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುತ್ತವೆ. ಅದೃಷ್ಟಕ್ಕೆ ಬೇರೆ ಬೇರೆ ಮರಗಳು ಬೇರೆ ಬೇರೆ ಹೊತ್ತಿಗೆ ಕಾಯಿ ಬಿಡುತ್ತವೆ. ವರ್ಷದ ಯಾವ ವಾರದಲ್ಲೂ ಎಲ್ಲೋ ಒಂದು ಮರ ಸಿದ್ಧವಿರುತ್ತದೆ. ಆದರೆ ಅದಕ್ಕೆ ಸೀಮೆಯಲ್ಲಿ ಹತ್ತಾರು ಬಲಿತ ಮರ ಬೇಕು. ಕಣಜ ದೂರ ಹೋಗಬಲ್ಲದು, ಗಾಳಿಯ ಮೇಲೆ ತೇಲಿ ಹತ್ತಾರು ಕಿಲೋಮೀಟರ್. ನಮೀಬಿಯಾದ ಮರುಭೂಮಿಯ ಅತ್ತಿ ಜಾತಿಯೊಂದರಲ್ಲಿ 160 ಕಿಲೋಮೀಟರ್‌ವರೆಗೂ ದಾಖಲಾಗಿದೆ. ಆದ್ದರಿಂದ ನಂಜನಗೂಡು ರಸ್ತೆಯ ಮರಕ್ಕೆ ಪಾಂಡವಪುರದ ಮರ ನೆಂಟನೇ. ಬಿಸಿಲು ಮಾತ್ರ ಅದರ ಶತ್ರು. ಸಿಂಗಪುರದಲ್ಲಿ ನಾಲ್ಕು ಜಾತಿಯ ಇಂಥ ಕಣಜಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಾಖ ಕೆಲವೇ ಡಿಗ್ರಿ ಏರಿದರೂ ಅವುಗಳ ಆಯಸ್ಸು ಗಂಟೆಗಳ ಲೆಕ್ಕಕ್ಕೆ ಇಳಿದದ್ದು ಕಂಡಿತು. ಮರಗಳ ನಡುವಿನ ದೂರ ಹೆಚ್ಚುವುದು, ಆಯಸ್ಸು ಕಡಿಮೆಯಾಗುವುದು, ಎರಡೂ ಒಟ್ಟಿಗೆ ನಡೆದರೆ ಮರವಿದ್ದೂ ಹಣ್ಣಿಲ್ಲದ ಸ್ಥಿತಿ ಬರುತ್ತದೆ.

ಇದನ್ನು ಯಾರು ಬೇಕಾದರೂ ಬುಡದಲ್ಲಿ ನಿಂತು ಪರೀಕ್ಷಿಸಬಹುದು. ಕಣಜ ಬಾರದ ಕಾಯಿಯನ್ನು ಮರ ಸಾಮಾನ್ಯವಾಗಿ ಉಳಿಸಿಕೊಳ್ಳುವುದಿಲ್ಲ, ಹಸಿರಿರುವಾಗಲೇ ಉದುರಿಸುತ್ತದೆ. ಬುಡದಲ್ಲಿ ರಾಶಿ ಬಿದ್ದ ಹಸಿ ಕಾಯಿಗಳಲ್ಲಿ ಇಪ್ಪತ್ತನ್ನು ಸೀಳಿ ನೋಡಿ. ಒಳಗೆ ಸತ್ತ ರೆಕ್ಕೆ ಮುರುಕು ಹೆಣ್ಣಾಗಲಿ, ಉಬ್ಬಿದ ಕಾಳಾಗಲಿ, ಬೀಜವಾಗಲಿ ಒಂದರಲ್ಲೂ ಇಲ್ಲದೆ ಎಲ್ಲ ಜೊಳ್ಳಾಗಿದ್ದರೆ ಆ ಸುತ್ತು ಕಣಜ ತಲುಪಿಲ್ಲ ಎಂದರ್ಥ. ಗಾಳಿಮಳೆಗೆ ಒಳ್ಳೆಯ ಕಾಯಿಯೂ ಉದುರುವುದುಂಟು, ಆದ್ದರಿಂದ ಒಂದೇ ಸಲ ನೋಡಿ ತೀರ್ಮಾನಿಸಬಾರದು. ಎರಡು ಮೂರು ಸುತ್ತು ಹೀಗೇ ಆದರೆ ಚಿಂತಿಸಬೇಕು.

ಹಣ್ಣು ತಪ್ಪಿದರೆ ಪೆಟ್ಟು ಬೀಳುವುದು ಕುಟ್ರು, ಕೋಗಿಲೆ, ಹಸಿರು ಪಾರಿವಾಳ, ಬಾವಲಿಗೆ. ಬೇರೆ ಮರಗಳು ಋತುವಿಗೊಮ್ಮೆ ಹಣ್ಣು ಕೊಟ್ಟು ಸುಮ್ಮನಾಗುವಾಗ ಈ ಬಳಗ ಸರದಿಯ ಮೇಲೆ ವರ್ಷವಿಡೀ ಊಟ ಹಾಕುತ್ತದೆ. ಗೂಡಿಗೂ ಈ ಮರಗಳೇ ಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಯ ಮೇಲೆ ಹೇಗೋ ಹಾಗೆ ಅರಳಿ, ಆಲದ ಮೇಲೂ ಗೂಡು ಕಟ್ಟುತ್ತವೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು ಎಂದು ಘೋಷಿಸಿದರು. ಅಲ್ಲಿ ಉಳಿದದ್ದು ಕಾಡಿನ ಮರವಲ್ಲ, ಮನೆಯಂಗಳದ ಮರ.

ಕಿತ್ತು ನೆಟ್ಟರೆ ಬದುಕುತ್ತದೆಯೇ?

ಪ್ರತಿ ಜಗಳದ ಕೊನೆಗೆ ಬರುವ ರಾಜಿ ಸೂತ್ರ ‘ಸ್ಥಳಾಂತರ’. ಆಲದ ಬಳಗ ಗಟ್ಟಿಜೀವ, ಕೊಂಬೆ ನೆಟ್ಟರೂ ಬೇರು ಬಿಡುತ್ತದೆ. ಹಾಗಾಗಿ ಸ್ಥಳಾಂತರಕ್ಕೆ ಈ ಮರಗಳಷ್ಟು ಒಗ್ಗುವವು ಕಡಿಮೆ ಎಂಬುದು ನಿಜ. ಆದರೆ ಯಾವ ಗಾತ್ರದವರೆಗೆ ಎಂಬ ಪ್ರಶ್ನೆಯನ್ನು ಟೆಂಡರಿನಲ್ಲಿ ಕೇಳುವವರಿಲ್ಲ. ಲೆಕ್ಕ ಹಾಕಿ ನೋಡೋಣ.

ಬೇರುಂಡೆಯ ಅಡ್ಡಳತೆ ಕಾಂಡದ ಅಡ್ಡಳತೆಯ 8ರಿಂದ 10 ಪಟ್ಟು ಇರಬೇಕು ಎಂಬುದು ತೋಟಗಾರರ ಸಾಮಾನ್ಯ ಅಳತೆ. ಕಾಂಡವನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ, ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ. 125 ಸೆಂಟಿಮೀಟರ್ ಸುತ್ತಳತೆಯ ಎಳೆಯ ಗೋಣಿಗೆ ಅಡ್ಡಳತೆ 40 ಸೆಂಟಿಮೀಟರ್, ಬೇರುಂಡೆ ಕನಿಷ್ಠ 3.2 ಮೀಟರ್. ಗುತ್ತಿಗೆಯಲ್ಲಿ ಇದನ್ನು 2.5 ಮೀಟರಿಗೆ ಇಳಿಸಿ, 1.2 ಮೀಟರ್ ಆಳಕ್ಕೆ ತೋಡಿದರೂ ಆ ಮಣ್ಣು ಸುಮಾರು 6 ಘನ ಮೀಟರ್, ತೂಕ ಹತ್ತು ಟನ್ ಆಗುತ್ತದೆ. ಮರದ ತೂಕ ಬೇರೆ. ಇದನ್ನು ಕ್ರೇನು, ಟ್ರೇಲರ್ ಎತ್ತಿಯಾವು. ಈಗ 3 ಮೀಟರ್ ಸುತ್ತಳತೆಯ ಹಳೆಯ ಸಾಲುಮರಕ್ಕೆ ಬನ್ನಿ. ಅಡ್ಡಳತೆ 95 ಸೆಂಟಿಮೀಟರ್, ಎಂಟು ಪಟ್ಟು ಎಂದರೆ ಏಳೂವರೆ ಮೀಟರಿಗೂ ಮಿಕ್ಕಿದ ಬೇರುಂಡೆ. ಒಂದೂವರೆ ಮೀಟರ್ ಆಳಕ್ಕೆ ಲೆಕ್ಕ ಹಿಡಿದರೆ ಮಣ್ಣೇ 100 ಟನ್ ದಾಟುತ್ತದೆ. ಎರಡು ಪಥದ ರಸ್ತೆಯಷ್ಟು ಅಗಲದ ಆ ಉಂಡೆಯನ್ನು ಸಾಗಿಸುವ ದಾರಿ ಈ ಜಿಲ್ಲೆಗಳಲ್ಲಿ ಇಲ್ಲ. ಆದ್ದರಿಂದ ಅಂಥ ಮರ ‘ಸ್ಥಳಾಂತರವಾಯಿತು’ ಎಂದು ಎಲ್ಲಾದರೂ ಓದಿದರೆ, ಸ್ಥಳಾಂತರವಾದದ್ದು ಕೊಂಬೆ ಕಳೆದು ಬೇರು ಕಡಿದ ಬೊಡ್ಡೆ ಎಂದು ತಿಳಿಯಬೇಕು. ಬೊಡ್ಡೆಯೂ ಬದುಕಬಹುದು. ಆದರೆ ಅದು ನೆರಳು, ಹಣ್ಣು ಕೊಡುವ ಹೊತ್ತಿಗೆ ಇಂದಿನ ಎಂಜಿನಿಯರ ಮಕ್ಕಳು ನಿವೃತ್ತರಾಗಿರುತ್ತಾರೆ.

ಚಿಕ್ಕ ಮರವನ್ನಾದರೂ ಸರಿಯಾಗಿ ಎತ್ತಬೇಕಾದರೆ ಕೆಲಸ ಆರು ತಿಂಗಳು ಮೊದಲೇ ಶುರುವಾಗಬೇಕು. ಡಿಸೆಂಬರಿನಲ್ಲಿ ಬೇರುಂಡೆಯ ಗೆರೆ ಎಳೆದು, ಸುತ್ತಳತೆಯನ್ನು ಆರು ಭಾಗ ಮಾಡಿ, ಒಂದು ಬಿಟ್ಟು ಒಂದರಂತೆ ಮೂರು ಭಾಗದಲ್ಲಿ ಮೊಳದಗಲ ಕಾಲುವೆ ತೋಡುತ್ತಾರೆ. ಸಿಕ್ಕ ಬೇರನ್ನು ಗರಗಸದಲ್ಲಿ ನೀಟಾಗಿ ಕೊಯ್ದು, ಕಾಲುವೆಗೆ ಮರಳು ಬೆರೆಸಿದ ಗೊಬ್ಬರದ ಮಣ್ಣು ತುಂಬಿ ನೀರು ಕಟ್ಟುತ್ತಾರೆ. ಕೊಯ್ದ ಬಾಯಿಂದ ಎಳೆಬೇರಿನ ಗುಚ್ಛ ಬರಲು ಎರಡು ಮೂರು ತಿಂಗಳು ಬೇಕು. ಮಾರ್ಚಿನಲ್ಲಿ ಉಳಿದ ಮೂರು ಭಾಗ. ಜೂನಿನ ಮಳೆ ನೆಲ ನೆನೆಸಿದ ಮೇಲೆ ಎತ್ತುವುದು. ಈ ಎಳೆಬೇರುಗಳೇ ಹೊಸ ಗುಂಡಿಯಲ್ಲಿ ನೀರು ಹೀರುವವು. ದಪ್ಪ ಬೇರು ಬರೀ ಗೂಟ.

ನಡೆಯುವುದು ಹೀಗಲ್ಲ. ಕಾಮಗಾರಿಯ ಆದೇಶ ಬಂದ ಮೇಲೆ ಸ್ಥಳಾಂತರದ ನೆನಪಾಗುತ್ತದೆ, ಜೆಸಿಬಿ ಒಂದೇ ದಿನದಲ್ಲಿ ಸುತ್ತ ಬಗೆಯುತ್ತದೆ. ಬಕೆಟ್ಟಿನ ಹಲ್ಲು ಬೇರನ್ನು ಕೊಯ್ಯುವುದಿಲ್ಲ, ಸಿಗಿದು ಎಳೆಯುತ್ತದೆ. ಸೀಳು ಕಾಂಡದ ಕಡೆಗೆ ಓಡಿ ಅಲ್ಲಿಂದ ಕೊಳೆ ಹತ್ತುತ್ತದೆ. ಎತ್ತುವಾಗ ಕಬ್ಬಿಣದ ಸರಪಳಿಯನ್ನು ಬರೀ ತೊಗಟೆಗೆ ಸುತ್ತುತ್ತಾರೆ, ಭಾರಕ್ಕೆ ತೊಗಟೆ ಸುಲಿದು ಕಾಂಡದ ಸುತ್ತ ಉಂಗುರ ಬೀಳುತ್ತದೆ. ಉಂಗುರ ಪೂರ್ತಿ ಸುತ್ತಿದರೆ ಮರದ ಕತೆ ಅಲ್ಲಿಗೆ ಮುಗಿಯಿತು. ಅಗಲದ ನೈಲಾನ್ ಪಟ್ಟಿ, ಅದರಡಿ ನಾಲ್ಕು ಪದರ ಗೋಣಿಚೀಲ ಹಾಕಿದರೆ ತಪ್ಪುವ ಅನಾಹುತ ಇದು.

ಕೊಂಬೆ ಕೊಯ್ದ ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಬೇಕು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರ್ ನೀರಿನಲ್ಲಿ ಕರಗಿಸಿ ಆಮೇಲೆ ಸೇರಿಸುವುದು. ಉಜ್ಜಿದ ಚಾಕುವನ್ನು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು. ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೆರಳಿನಲ್ಲಿದ್ದ ಕಾಂಡ ಏಕಾಏಕಿ ಬಯಲಾಗುವುದರಿಂದ ಪಡುವಣ ಮಗ್ಗುಲಿಗೆ ಸುಣ್ಣ ಹೊಡೆಯುವುದೂ ಬೇಕು, ಇಲ್ಲದಿದ್ದರೆ ಮಾರ್ಚಿ ಬಿಸಿಲಿಗೆ ತೊಗಟೆ ಬೆಂದು ಬಿರಿಯುತ್ತದೆ.

ಹೊಸ ಗುಂಡಿ ಉಂಡೆಗಿಂತ ಸುತ್ತಲೂ ಎರಡು ಅಡಿ ಅಗಲವಿರಲಿ, ಆಳ ಮಾತ್ರ ಉಂಡೆಯಷ್ಟೇ. ಹೆಚ್ಚು ತೋಡಿದರೆ ಸಡಿಲ ಮಣ್ಣಿನಲ್ಲಿ ಮರ ಕುಸಿದು ಬುಡ ಹೂತುಹೋಗುತ್ತದೆ. ನೆಡುವ ಮುನ್ನ ಗುಂಡಿಗೆ ಒಂದಡಿ ನೀರು ಬಿಟ್ಟು ನೋಡಬೇಕು. ಮರುದಿನಕ್ಕೂ ನಿಂತಿದ್ದರೆ ಆ ಜಾಗ ಬೇಡ. ಮೈಸೂರು ಸುತ್ತಿನ ಕೆಂಪು ಗರಸು ನೆಲದಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ಕಾಟ ಕೊಡುವುದು ಅಡಿಯ ಬಂಡೆ. ಮಂಡ್ಯದ ನಾಲೆ ಬಯಲಿನ ಜೌಗಿನಲ್ಲಿ ಇದೇ ದೊಡ್ಡ ತೊಂದರೆ. ‘ನೀರಿದೆಯಲ್ಲ, ಚೆನ್ನಾಗಿ ಬರುತ್ತೆ’ ಎಂದು ಗದ್ದೆಯ ಪಕ್ಕದ ಸರ್ಕಾರಿ ಜಾಗಕ್ಕೆ ನೆಟ್ಟ ಬೊಡ್ಡೆ ಉಸಿರುಕಟ್ಟಿ ಕೊಳೆಯುತ್ತದೆ.

ಇನ್ನು ಎಲ್ಲರೂ ಮೋಸ ಹೋಗುವ ಜಾಗ. ನೆಟ್ಟ ಮೂರು ನಾಲ್ಕು ವಾರಕ್ಕೆ ಬೊಡ್ಡೆ ತುಂಬ ಚಿಗುರು ಬರುತ್ತದೆ. ಫೋಟೋ ತೆಗೆದು ಹಂಚುತ್ತಾರೆ, ಬಿಲ್ ಪಾಸಾಗುತ್ತದೆ. ಆ ಚಿಗುರು ಬೇರಿನಿಂದ ಬಂದದ್ದಲ್ಲ, ಕಾಂಡ ಕೂಡಿಟ್ಟುಕೊಂಡ ಪಿಷ್ಟದ ಖರ್ಚು. ಕಡಿದು ರಸ್ತೆ ಬದಿಗೆ ಹಾಕಿದ ಆಲದ ದಿಮ್ಮಿಯೂ ಮಳೆಗಾಲದಲ್ಲಿ ಚಿಗುರುತ್ತದೆ! ಬೇರು ಹಿಡಿಯದಿದ್ದರೆ ಬರುವ ಬೇಸಿಗೆಯಲ್ಲಿ ಆ ಚಿಗುರು ಒಣಗುತ್ತದೆ, ಆಗ ನೋಡುವವರಿಲ್ಲ. ಮೊದಲ ತಿಂಗಳು ಎರಡು ಮೂರು ದಿನಕ್ಕೊಮ್ಮೆ ಇನ್ನೂರು ಮುನ್ನೂರು ಲೀಟರ್, ಆಮೇಲೆ ವಾರಕ್ಕೊಮ್ಮೆ, ಹೀಗೆ ಎರಡು ಬೇಸಿಗೆ ದಾಟಿಸಬೇಕು. ಉಳಿದ ಮರಗಳ ಲೆಕ್ಕವನ್ನು ಎರಡನೇ ಬೇಸಿಗೆ ಕಳೆದ ಮೇಲೆ, ಜುಲೈನಲ್ಲಿ ತೆಗೆಯಬೇಕು. ಕೊನೆಯ ಕಂತಿನ ಹಣವನ್ನು ಆ ಲೆಕ್ಕಕ್ಕೆ ಕಟ್ಟಿಹಾಕಿದರೆ ಟ್ಯಾಂಕರ್ ತಾನಾಗಿ ಬರುತ್ತದೆ.

ನಿಂತಲ್ಲೇ ಕೊಲ್ಲುವುದು

ಕಡಿಯುವುದು ಸುದ್ದಿಯಾಗುತ್ತದೆ. ನಿಧಾನಕ್ಕೆ ಕೊಲ್ಲುವುದು ಆಗುವುದಿಲ್ಲ. ಬಿಳಲಿನ ಉದಾಹರಣೆ ಸಾಕು. ರಸ್ತೆಯ ಮೇಲೆ ಚಾಚಿದ ಆಲದ ಕೊಂಬೆಯಿಂದ ಇಳಿಯುವ ಬಿಳಲು ಲಾರಿಗೆ, ಬಸ್ಸಿಗೆ ತಾಗುತ್ತದೆಂದು ವರ್ಷ ವರ್ಷ ಕತ್ತರಿಸುತ್ತಾರೆ. ಅಡ್ಡಡ್ಡ ಬೆಳೆಯುವ ಕೊಂಬೆಗೆ ಬಿಳಲೇ ಕಂಬ. ಕಂಬವಿಲ್ಲದೆ ಕೊಂಬೆ ಮಾತ್ರ ಉದ್ದವಾಗುತ್ತಾ ಹೋಗಿ ಒಂದು ಮಳೆಗಾಲದಲ್ಲಿ ಮುರಿದು ಬೀಳುತ್ತದೆ, ಆಗ ಮರ ‘ಅಪಾಯಕಾರಿ’ ಪಟ್ಟಿ ಸೇರುತ್ತದೆ. ರಸ್ತೆಯ ಹೊರಬದಿಯ ಬಿಳಲನ್ನಾದರೂ ಇಳಿಯಬಿಟ್ಟರೆ ಮರಕ್ಕೆ ಒಂದು ಊರುಗೋಲು ಸಿಗುತ್ತದೆ. ಗೆಣ್ಣು ತೆಗೆದ ಬಿದಿರನ್ನೋ ಪಿವಿಸಿ ಪೈಪನ್ನೋ ಉದ್ದಕ್ಕೆ ಸೀಳಿ, ಬಿಳಲನ್ನು ಒಳಗಿಟ್ಟು, ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ತುಂಬಿ ಕಟ್ಟಿ, ತೇವ ಆರದಂತೆ ನೋಡಿಕೊಂಡರೆ ಬಿಳಲು ಬೇಗ ನೆಲ ಹಿಡಿಯುತ್ತದೆ. ನೆಲ ಹಿಡಿದ ಮೇಲೆ ಪೈಪು ಬಿಚ್ಚಬೇಕು. ಮರೆತರೆ ಪೈಪೇ ಅದರ ಕತ್ತು ಹಿಸುಕುತ್ತದೆ.

ಇನ್ನೊಂದು ಕಾಲುವೆ ತೋಡುವುದು. ಕುಡಿಯುವ ನೀರು, ಒಳಚರಂಡಿ, ಕೇಬಲ್ಲು, ಎಲ್ಲಕ್ಕೂ ಬೇಕಾದ್ದು ರಸ್ತೆಯಂಚು, ಬೇರು ಇರುವುದೂ ಅಲ್ಲೇ. ಕಾಂಡದ ಅಡ್ಡಳತೆಯ 12 ಪಟ್ಟು ದೂರದವರೆಗಿನ ನೆಲವನ್ನು ಮುಟ್ಟಬಾರದು ಎಂಬುದು ಮರತಜ್ಞರ ಅಳತೆ. ನಮ್ಮ 95 ಸೆಂಟಿಮೀಟರಿನ ಗೋಣಿಗೆ ಅದು 11 ಮೀಟರ್ ಮೀರುತ್ತದೆ. ನಗರದಲ್ಲಿ ಅಷ್ಟು ಸಿಗದು, ಒಪ್ಪೋಣ. ಆದರೆ ಹೀರುಬೇರು ಹೆಚ್ಚಿನಂಶ ಮೇಲಿನ ಒಂದು ಮೀಟರಿನಲ್ಲೇ ಇರುವುದರಿಂದ, ಅದಕ್ಕಿಂತ ಕೆಳಗೆ ಅಡ್ಡ ಕೊರೆದು ಪೈಪು ತೂರಿಸಿದರೆ ಮರಕ್ಕೆ ಗೊತ್ತೂ ಆಗುವುದಿಲ್ಲ. ಆ ಯಂತ್ರ ಕೇಬಲ್ ಹಾಕುವವರ ಬಳಿ ಇದೆ. ರಸ್ತೆ ಅಗೆಯಲು ಅನುಮತಿ ಸಿಗದ ಕಡೆ ಬಳಸುತ್ತಾರೆ, ಮರಕ್ಕಾಗಿ ಬಳಸುವುದು ಕಡಿಮೆ.

ಬುಡದವರೆಗೆ ಟೈಲ್ಸ್ ಹಾಕುವುದು, ಪೊಟರೆಯಲ್ಲಿ ಕಸ ಸುಡುವುದು, ಕಬ್ಬಿನ ತರಗಿಗೆ ಹಚ್ಚಿದ ಬೆಂಕಿ ಸಾಲುಮರದ ತೊಗಟೆಗೆ ತಗಲುವುದು, ಇವೆಲ್ಲ ಕಣ್ಣೆದುರಿನವೇ. ದೆಹಲಿಯ ಮರಗಳ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಬುಡದ ಸುತ್ತ 1 ಮೀಟರ್ ಕಾಂಕ್ರೀಟು ತೆಗೆಯಬೇಕೆಂದು ಆದೇಶಿಸಿತು. ಗೋಣಿಯಂಥ ಮರಕ್ಕೆ ಒಂದು ಮೀಟರ್ ಸಾಲದು, ಆದರೂ ಶೂನ್ಯಕ್ಕಿಂತ ವಾಸಿ.

ಕಾನೂನಿನಲ್ಲೂ ತಲೆಲೆಕ್ಕವೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕು. ಐದು ವರ್ಷದ ಹೊಂಗೆ 51 ಇದ್ದರೆ ಜನರನ್ನು ಕೇಳಬೇಕು. ಮುತ್ತಜ್ಜನ ಕಾಲದ ಗೋಣಿ 49 ಇದ್ದರೆ ಬೇಕಿಲ್ಲ. ಈ ಗೆರೆಗೆ ಸುತ್ತಳತೆಯನ್ನೂ ಜಾತಿಯನ್ನೂ ಸೇರಿಸುವುದು ದೊಡ್ಡ ತಿದ್ದುಪಡಿಯೇನಲ್ಲ. 2 ಮೀಟರ್ ಮೀರಿದ ಆಲ, ಗೋಣಿ, ಬಸರಿ, ಅರಳಿ ಒಂದೇ ಇದ್ದರೂ ಪ್ರಕಟಣೆ ಬೇಕು ಎಂದರೆ ಸಾಕು.

ರಸ್ತೆಯೇ ಬೇಡ ಎನ್ನುವ ವಾದ ನಮ್ಮದಲ್ಲ. ಡಾಂಬರಿನ ಅಂಚಿಗೇ ನಿಂತ ಮರಕ್ಕೆ ರಾತ್ರಿ ಹೊತ್ತು ಬೈಕು ಗುದ್ದಿ ಜನ ಸಾಯುತ್ತಾರೆ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಎರಡೂ ಬದಿಯ ಸಾಲನ್ನು ಕಡಿದು ಸಮನಾಗಿ ಅಗಲ ಮಾಡುವ ಬದಲು ಒಂದೇ ಬದಿಗೆ ಅಗಲ ಮಾಡಿ, ಹಳೆಯ ಒಂದು ಸಾಲನ್ನು ನಡುವಿನ ವಿಭಜಕವಾಗಿ ಉಳಿಸಿಕೊಳ್ಳಬಹುದು. ಭೂಸ್ವಾಧೀನ ಒಂದೇ ಬದಿಗೆ ಬೀಳುತ್ತದೆ, ಆ ಬದಿಯ ರೈತ ‘ನನ್ನದೇ ಏಕೆ?’ ಎನ್ನುತ್ತಾನೆ, ನಿಜವಾದ ಅಡ್ಡಿ ಅದು. ಮರದ ಸಾಲಿಗೆ ತಡೆಬೇಲಿ, ಪ್ರತಿಫಲಕ ಬೇಕು. ಬೇರಿನ ಮೇಲೆ ಹೊಸ ಮಣ್ಣು ಏರಿಸಬಾರದು, ಎರಡಡಿ ಏರಿಸಿದರೂ ಬೇರಿಗೆ ಗಾಳಿಯಾಡದು. ಖರ್ಚು ಹೆಚ್ಚು, ಆದರೆ ಆಗದ ಕೆಲಸವಲ್ಲ. ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ನಡುವೆ ನೆಟ್ಟು ಬೆಳೆಸಿದ 385 ಆಲಗಳು 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಸಿಕ್ಕಿಬೀಳುವಂತಾದಾಗ ಸರ್ಕಾರವೇ ಬೇರೆ ದಾರಿ ಹುಡುಕಲು ಹೇಳಿತು. ಅಜ್ಜಿಯ ಹೆಸರಿತ್ತು, ಉಳಿಯಿತು. ಹೆಸರಿಲ್ಲದವರು ನೆಟ್ಟ ಸಾಲಿಗೆ ಆ ಭಾಗ್ಯ ಇಲ್ಲ.

ಹೊಸದಾಗಿ ನೆಡುವುದು

ಪರಿಹಾರವಾಗಿ ನೆಡುವ ಸಾವಿರಾರು ಪ್ಯಾಕೆಟ್ ಗಿಡಗಳಲ್ಲಿ ಗೋಣಿ ಇರುವುದೇ ಅಪರೂಪ. ಹೊಂಗೆ, ಮಹಾಗನಿ, ಟಬೂಬಿಯಾ ಬೀಜ ಸುಲಭ, ಬೆಳವಣಿಗೆ ನೆಟ್ಟಗೆ, ಜಾಗ ಕಡಿಮೆ. ಗೋಣಿಗೆ ಮರದಿಂದ ಮರಕ್ಕೆ 15ರಿಂದ 20 ಮೀಟರ್ ಬೇಕು, ತಲೆಯ ಮೇಲೆ ವಿದ್ಯುತ್ ತಂತಿ ಇರಬಾರದು. ಹತ್ತು ಮೀಟರಿಗೊಂದು ಎಂದು ಬರೆದಿಟ್ಟ ಅಂದಾಜುಪಟ್ಟಿಗೆ ಅದು ಹೊಂದುವುದಿಲ್ಲ.

ಹಳಬರ ವಿಧಾನ ಕೊಂಬೆ ನೆಡುವುದು. ಮಣಿಕಟ್ಟಿನಿಂದ ತೋಳಿನಷ್ಟು ದಪ್ಪದ, ಏಳೆಂಟು ಅಡಿ ಉದ್ದದ ನೇರ ಕೊಂಬೆಯನ್ನು ಮೇ ಕೊನೆಯಲ್ಲಿ ಕೊಯ್ದು, ಹಾಲು ಸುರಿದು ನಿಲ್ಲಲು ಎರಡು ದಿನ ನೆರಳಿನಲ್ಲಿ ಒರಗಿಸಿ, ಬುಡವನ್ನು ಎರಡಡಿ ಆಳದಲ್ಲಿ ನೆಟ್ಟು ತುಳಿದು ಬಿಗಿ ಮಾಡುತ್ತಾರೆ. ತುದಿಗೆ ಸಗಣಿ ಮತ್ತು ಕೆಮ್ಮಣ್ಣು ಮೆತ್ತಿದರೆ ಮೇಲಿನಿಂದ ಒಣಗುವುದಿಲ್ಲ. ಸುತ್ತ ಜಾಲಿಮುಳ್ಳು. ಎತ್ತರ ಏಕೆಂದರೆ ದನ, ಮೇಕೆಯ ಬಾಯಿಗೆ ಚಿಗುರು ಎಟುಕಬಾರದು. ಇದರ ಕೊರತೆ ಒಂದೇ: ಒಂದೇ ಮರದ ಕೊಂಬೆಯಿಂದ ಇಡೀ ಸಾಲು ಬೆಳೆಸಿದರೆ ಸಾಲೆಲ್ಲ ಒಂದೇ ತಳಿ. ಸರದಿಯ ಮೇಲೆ ಕಾಯಿ ಬಿಡುವ ಬೇರೆ ಬೇರೆ ಮರಗಳನ್ನು ನಂಬಿ ಬದುಕುವ ಕಣಜಕ್ಕೆ ಇದು ಒಳ್ಳೆಯದಲ್ಲ. ಕನಿಷ್ಠ ಎಂಟು ಹತ್ತು ತಾಯಿಮರಗಳಿಂದ, ಬೇರೆ ಬೇರೆ ರಸ್ತೆಗಳಿಂದ ಕೊಂಬೆ ತರಬೇಕು.

ಬೀಜದ ಗಿಡ ಇನ್ನೂ ಒಳ್ಳೆಯದು, ಆದರೆ ನಾಜೂಕು. ಹಣ್ಣನ್ನು ನೀರಿನಲ್ಲಿ ಕಿವುಚಿ, ತೇಲಿದ ಜೊಳ್ಳು ಚೆಲ್ಲಿ, ಮುಳುಗಿದ ಬೀಜವನ್ನು ಇಟ್ಟಿಗೆ ಪುಡಿ ಮತ್ತು ಇದ್ದಲು ಪುಡಿಯ ಮೇಲೆ ಉದುರಿಸಬೇಕು. ಮಣ್ಣು ಮುಚ್ಚಬಾರದು, ಬೆಳಕಿಲ್ಲದೆ ಮೊಳೆಯದು. ನೀರನ್ನು ಮೇಲಿನಿಂದ ಹಾಕದೆ ಕುಂಡದ ತಳವನ್ನು ತಟ್ಟೆಯ ನೀರಿನಲ್ಲಿಡುವುದು. ಮೇಲಿನಿಂದ ಹಾಕಿದರೆ ಸೂಜಿಮೊನೆಯಂಥ ಮೊಳಕೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗುತ್ತದೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಹಕ್ಕಿಯೇ ನರ್ಸರಿ ಮಾಡಿಟ್ಟಿದೆ. ಮೋರಿಯ ಕಲ್ಲುಸಂದು, ಶಾಲೆಯ ತಾರಸಿ, ಹಳೆಯ ಮನೆಯ ಪಾರಪೆಟ್ಟು, ಎಲ್ಲ ಕಡೆ ಬೀಜದಿಂದ ಹುಟ್ಟಿದ ಆಲ, ಅರಳಿ, ಹುಡುಕಿದರೆ ಗೋಣಿಯೂ ಸಿಗುತ್ತವೆ. ಗೋಡೆ ಬಿರಿಯುತ್ತದೆಂದು ಹೇಗೂ ಕಿತ್ತೆಸೆಯುವವೇ. ಶ್ರೀರಂಗಪಟ್ಟಣದ ಕೋಟೆಯಂಥ ಸ್ಮಾರಕದ ಗೋಡೆಗೆ ಪುರಾತತ್ವ ಇಲಾಖೆಯನ್ನು ಕೇಳದೆ ಕೈ ಹಾಕಬೇಡಿ, ಉಳಿದ ಕಡೆ ತೊಂದರೆಯಿಲ್ಲ. ಎರಡು ಒಳ್ಳೆಯ ಮಳೆ ಬಿದ್ದ ಮೇಲೆ, ಸಂಜೆ ಹೊತ್ತು, ಗಾರೆಯನ್ನು ಸಣ್ಣ ಉಳಿಯಲ್ಲಿ ಕೆದಕಿ ಬೇರು ಮುರಿಯದಂತೆ ಬಿಡಿಸಿ. ಗೇಣುದ್ದ ಬೇರು ಬಂದರೂ ಸಾಕು. ಎರಡು ಎಲೆ ಬಿಟ್ಟು ಉಳಿದದ್ದು ಚಿವುಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಕೆಂಪು ಮಣ್ಣು, ಮರಳು, ಗೊಬ್ಬರ ಸಮಪಾಲಿನ ದೊಡ್ಡ ಚೀಲದಲ್ಲಿ ನೆಟ್ಟು ಮೂರು ವಾರ ನೆರಳಿನಲ್ಲಿಡಿ. ಆಳೆತ್ತರ ಬರುವವರೆಗೆ, ಅಂದರೆ ಎರಡು ಮೂರು ವರ್ಷ, ಚೀಲ ಬದಲಿಸುತ್ತಾ ಸಾಕಬೇಕು. ಪ್ರತಿ ಸಲ ಬದಲಿಸುವಾಗ ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಕತ್ತರಿಸಿಯೇ ಹೊಸ ಚೀಲಕ್ಕೆ ಹಾಕಿ.